ಕುರಿಯ ನೆನಪು ಮತ್ತು ನಮ್ಮ ಮರೆವು

(ಬಕ್ರೀದ್ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದಡ್ಡನನ್ನು ‘ಕುರಿ’ ಎಂದು ಜರೆಯುವುದು ನಮ್ಮ ರೂಢಿ. ಆದರೆ ಕುರಿಯು ನಿಜಕ್ಕೂ ದಡ್ಡ ಪ್ರಾಣಿಯೇ? ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಬಾಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಒಂದು ಕುರಿಯು ಇತರ 50 ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಳ್ಳಬಲ್ಲದೆಂದು ಅದು ತೋರಿಸಿತು. 2004ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗದಲ್ಲಿ, ಹಿಂಡಿನಿಂದ ಬೇರ್ಪಡಿಸಿದ ಕುರಿಗೆ ಕುರಿಯ ಮುಖದ ಚಿತ್ರವನ್ನು ತೋರಿಸಿದಾಗ ಅದರ ಕೂಗಾಟವೂ ಎದೆಬಡಿತವೂ ತಗ್ಗಿದವು. ಒಂಟಿತನದ ಭಯ ಅದಕ್ಕೂ ಇದೆ. ತನ್ನವರ ಮುಖ ಕಂಡರೆ ಸಮಾಧಾನವೂ ಇದೆ.

ಪ್ರಾಣಿ ಪಕ್ಷಿಗಳನ್ನು ಪವಿತ್ರ ಕುರ್‌ಆನ್ ಸಮುದಾಯಗಳೆಂದೇ ಗುರುತಿಸಿದೆ. ಚೂರಿಯನ್ನು ಹರಿತಗೊಳಿಸಬೇಕೆಂದು ಆದೇಶಿಸಿದ ಪ್ರವಾದಿ(ಸ)ರವರು, ಪ್ರಾಣಿಯ ಕಣ್ಣೆದುರೇ ಅದನ್ನು ಮಸೆಯುತ್ತಿದ್ದವನನ್ನು ಆಕ್ಷೇಪಿಸಿದರು. ವಿಜ್ಞಾನವು ಇದನ್ನು ಸಮರ್ಥಿಸಿತೆಂದು ನಾವು ಬೀಗಬೇಕಾಗಿಲ್ಲ. ನಾವು ಅದನ್ನು ಪಾಲಿಸಿದ್ದೇವೆಯೇ ಎಂಬುದೇ ಪ್ರಶ್ನೆ.

ಹಬ್ಬಕ್ಕೆ ವಾರ ಮುಂಚೆ ತಂದ ಕುರಿಯನ್ನು ಬಿಸಿಲಲ್ಲಿ, ಗೇಟಿಗೆ, ಒಂಟಿಯಾಗಿ ಕಟ್ಟುತ್ತೇವೆ. ಮಕ್ಕಳು ಕಿವಿ ಹಿಡಿದು ಎಳೆದಾಡಿದರೆ ನಗುತ್ತೇವೆ. ಒಂದರ ಕಣ್ಣೆದುರೇ ಇನ್ನೊಂದನ್ನು ಕೊಯ್ಯುತ್ತೇವೆ. ನೋಡುತ್ತಾ ನಿಂತಿರುವುದು ಮುಖಗಳನ್ನು ಮರೆಯದ ಜೀವಿ ಎಂಬುದನ್ನು ನಾವು ಮರೆಯುತ್ತೇವೆ.

ಈ ಬಾರಿ ನೆರೆಮನೆಯ ಕುರಿಯೊಂದಿಗೆ ಜೊತೆಯಾಗಿ, ನೆರಳಲ್ಲಿ ಕಟ್ಟೋಣ. ನೀರಿಡೋಣ. ಕೊಯ್ಯುವಲ್ಲಿ ಹಳೆಯ ಚಾದರವನ್ನಾದರೂ ಅಡ್ಡ ಕಟ್ಟೋಣ. ಇದಕ್ಕೆ ಹಣ ಬೇಕಿಲ್ಲ. ಕರುಣೆಯಿಲ್ಲದ ಕುರ್ಬಾನಿಯಲ್ಲಿ ನಮಗೆ ಉಳಿಯುವುದು ಮಾಂಸ ಮಾತ್ರ.