ಆಯ್ಕೆಯ ಎರಡು ನಿಮಿಷ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದುಕೊಂಡಿರಬಹುದು. ಆದರೆ ಶನಿವಾರ, ಭಾನುವಾರ ನಾನು ಹವ್ಯಾಸಿ ನಾಟಕ ತಂಡದ ನಟ. ನಾಟಕಕ್ಕೆ ಹೋಗಬೇಕೆನ್ನುವ ಮಕ್ಕಳಿಗೆ ಮೊದಲು ಎದುರಾಗುವುದು ಆಡಿಷನ್, ಅಂದರೆ ಆಯ್ಕೆ. ನಮ್ಮೂರಲ್ಲಿ ಅದನ್ನು ಹೇಳಿಕೊಡುವವರು ಇರಲಿಲ್ಲ. ಅದಕ್ಕೇ ಈ ವಿಷಯ.

ದಾರಿಗಳಂತೂ ಇವೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಬೆಳೆಸಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಹೆಗ್ಗೋಡೂ ಒಂದು ಹಳ್ಳಿಯೇ. ಮೈಸೂರಿನ ರಂಗಾಯಣವನ್ನು 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಸರ್ಕಾರವೇ ಆರಂಭಿಸಿತು.

ಆಯ್ಕೆಯಲ್ಲಿ ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ. ಅಷ್ಟಕ್ಕೂ ಇಡೀ ನಾಟಕ ಓದಿರಬೇಕು. ಗಿರೀಶ ಕಾರ್ನಾಡರ ತುಘಲಕ್ ಮೊದಲಿಗೆ ಕನಸು ತುಂಬಿದ ದೊರೆ, ಕೊನೆಗೆ ದಣಿದು ಒಂಟಿಯಾದವನು. ಎರಡಕ್ಕೂ ಒಂದೇ ದನಿ ಸಲ್ಲದು. ಈ ಮಾತು ಯಾರಿಗೆ, ಇವನಿಗೆ ಏನು ಬೇಕು, ಈಗಲೇ ಯಾಕೆ ಹೇಳುತ್ತಿದ್ದಾನೆ ಎಂದು ಕೇಳಿಕೊಂಡ ಮೇಲೆ ಬಾಯಿಪಾಠ ಮಾಡಿ.

ಹೊಲದ ಆ ಬದುವಿನಲ್ಲಿ ತಮ್ಮನನ್ನೋ ತಂಗಿಯನ್ನೋ ನಿಲ್ಲಿಸಿ, ಕಿರುಚದೆ ಹೇಳಿ. ಕೊನೆಯ ಪದ ಕೇಳಿಸಿತೇ ಎಂದು ವಿಚಾರಿಸಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಉಸಿರು ಮೊದಲೇ ಮುಗಿದರೆ ಬಂದನೋ ಬರಲಿಲ್ಲವೋ ತಿಳಿಯುವುದೇ ಇಲ್ಲ.

ಅದನ್ನೇ ಇನ್ನೊಂದು ರೀತಿ ಮಾಡು ಎಂದರೆ ಎದೆಗುಂದಬೇಡಿ. ಹೇಳಿದ್ದನ್ನು ಹಿಡಿದುಕೊಳ್ಳುತ್ತೀರಾ ಎಂದು ನೋಡುತ್ತಿರುತ್ತಾರೆ.

ಇನ್ನು ಮುಖ್ಯವಾದ ಮಾತು. ನಮ್ಮ ಕಡೆ ಆಡುವಾಗ 'ಹ'ಕಾರ ಬಿದ್ದುಹೋಗುತ್ತದೆ. ಒಂದು ಆಯ್ಕೆಯಲ್ಲಿ ಅದನ್ನು ಕೇಳಿ ಎದುರು ಕೂತವರು ನಕ್ಕರು. ಅವತ್ತು ನನ್ನ ಜೊತೆ ಬಂದಿದ್ದ ನಮ್ಮ ಸೀಮೆಯ ಹುಡುಗ ನನಗಿಂತ ಚೆನ್ನಾಗಿ ಹಾಡುತ್ತಿದ್ದ. ಆಮೇಲೆ ಅವನು ಯಾವ ಆಯ್ಕೆಗೂ ಬರಲಿಲ್ಲ. ಆ ನಗು ರಂಗಭೂಮಿಗೆ ಒಬ್ಬ ನಟನನ್ನು ಇಲ್ಲವಾಗಿಸಿತು.

ಮಕ್ಕಳೇ, ಹಕಾರ, ಮಹಾಪ್ರಾಣಗಳನ್ನು ಖಂಡಿತ ರೂಢಿಸಿಕೊಳ್ಳಿ. ರಾಜನ ಪಾತ್ರಕ್ಕೆ ಅವು ಬೇಕು. ಆದರೆ ಅವ್ವನಿಂದ ಬಂದ ಮಾತಿಗೆ ನಾಚಬೇಡಿ. ಚಂದ್ರಶೇಖರ ಕಂಬಾರರು ಬೆಳಗಾವಿ ಸೀಮೆಯ ಆಡುನುಡಿಯಲ್ಲೇ ನಾಟಕ ಬರೆದರು. ಅವರಿಗೆ ಜ್ಞಾನಪೀಠವೂ ಬಂತು. ಎರಡು ನುಡಿ ಬಲ್ಲ ನಟನಿಗೆ ಪಾತ್ರಗಳೂ ಹೆಚ್ಚು.

ತಂದೆತಾಯಿಗಳಲ್ಲಿ ಒಂದು ಅರಿಕೆ. ಮಗನೋ ಮಗಳೋ ಆಯ್ಕೆಗೆ ಹೋಗುತ್ತೇನೆಂದರೆ ಒಮ್ಮೆ ನೀವೂ ಜೊತೆಗೆ ಹೋಗಿ ನೋಡಿ, ಆಮೇಲೆ ತೀರ್ಮಾನಿಸಿ. ಗುರುಗಳು ಶನಿವಾರ ಅರ್ಧ ಗಂಟೆ ನಾಟಕ ಓದಿಸಿದರೆ ಮಕ್ಕಳ ನಾಲಿಗೆ ತಿರುಗುತ್ತದೆ. ಶಾಲೆಯ ಗ್ರಂಥಾಲಯಕ್ಕೆಂದು 25 ನಾಟಕದ ಪುಸ್ತಕ ತಂದಿದ್ದೇನೆ. ಅವು ಬೀರುವಿನಲ್ಲಿ ಉಳಿಯದೆ ಮಕ್ಕಳ ಕೈಯಲ್ಲಿ ಹರಿದುಹೋಗಲಿ.