ಕಪ್ಪು ನೂಲಿನ ಲೇಸು

(ಶಾಲೆಯ ಕೈಗೆಲಸದ ಪ್ರದರ್ಶನದ ಮುಕ್ತಾಯ ಸಮಾರಂಭದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂಥ ಸಮಾರಂಭಗಳಲ್ಲಿ ಮುಖ್ಯಾಧ್ಯಾಪಕನಾದವನು ವರದಿಯನ್ನು ಓದಿ, ಬಹುಮಾನ ಪಡೆದವರನ್ನು ಹೊಗಳಿ, ದಾನಿಗಳ ಉಪಕಾರವನ್ನು ಸ್ಮರಿಸಿ ಕುಳಿತುಕೊಳ್ಳುವುದು ವಾಡಿಕೆ. ವರದಿಯು ಅಚ್ಚಾಗಿ ತಮ್ಮ ಕೈಸೇರಿದೆ. ಆದುದರಿಂದ ನನ್ನ ಪಾಲಿನ ಹೊತ್ತನ್ನು ಒಂದೇ ಒಂದು ವಸ್ತುವಿಗಾಗಿ ಮೀಸಲಿಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಕೆಂಪು ಖಣದ ಕುಪ್ಪಸವೊಂದಿದೆ. ಅದರ ಎರಡೂ ತೋಳುಗಳ ಅಂಚಿಗೆ ಕಪ್ಪು ನೂಲಿನಲ್ಲಿ ಕೈಯಾರೆ ಹೆಣೆದ ಲೇಸು ಇದೆ. ಮಗ್ಗುಲಲ್ಲಿ ಒಂದು ಚಿಕ್ಕ ವಹಿಯೂ ಇದೆ. ತಮ್ಮಲ್ಲಿ ಹಲವರು ಲೇಸನ್ನು ನೋಡಿ ಮೆಚ್ಚಿದಿರಿ. ವಹಿಯನ್ನು ತೆರೆದವರು ಕಡಮೆ. ನಾನು ಹೇಳಬೇಕಾದುದೆಲ್ಲ ಆ ವಹಿಯಲ್ಲಿದೆ.

ಇಂಥದೇ ಕುಪ್ಪಸವೊಂದು ಕಳೆದ ವರ್ಷದ ಪ್ರದರ್ಶನದಲ್ಲಿಯೂ ಇತ್ತು. ತಂದವಳು ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದ ಹುಡುಗಿ. ಅಂದು ನಾನು ಎರಡು ತಪ್ಪುಗಳನ್ನು ಮಾಡಿದೆ. ಮೊದಲನೆಯದು, "ಶುಭ ಸಮಾರಂಭಕ್ಕೆ ಕಪ್ಪು ಯಾಕೆ ತಂದೆಯಮ್ಮ? ಬಿಳಿಯ ನೂಲು ಸಿಗಲಿಲ್ಲವೇ?" ಎಂದು ನಾಲ್ವರೆದುರು ಕೇಳಿದೆ. ಎರಡನೆಯದು, ಅದಕ್ಕೆ ೫೦ ರೂಪಾಯಿ ಎಂದು ನನ್ನ ಕೈಯಾರೆ ಬೆಲೆಯ ಚೀಟಿಯನ್ನು ಬರೆದೆ. ಆ ಎರಡು ತಪ್ಪುಗಳನ್ನೂ ಇಂದು ತಮ್ಮೆದುರಿಗೆ ತಿದ್ದಿಕೊಳ್ಳಬೇಕೆಂದು ನಿಂತಿದ್ದೇನೆ.

ಮೊದಲು ಬಣ್ಣದ ಮಾತು. ಕಪ್ಪು ಅಮಂಗಲವೆಂದು ನಾವು ಸಹಜವಾಗಿ ಆಡಿಬಿಡುತ್ತೇವೆ. ಆದರೆ ನಮ್ಮ ಜತ್ತ ತಾಲೂಕಿನ ಯಾವ ಮನೆಗಾದರೂ ಹೋಗಿ ನೋಡಿರಿ. ಹುಟ್ಟಿದ ಕೂಸಿನ ನಡುವಿಗೆ ಕಟ್ಟುವ ಉಡದಾರ ಕಪ್ಪು. ಮುತ್ತೈದೆಯ ಕೊರಳಿನ ಕರಿಮಣಿ ಕಪ್ಪು. ಕುರಿಗಾರನನ್ನು ಮಳೆ ಚಳಿಗಳಿಂದ ಕಾಯುವ ಕಂಬಳಿ ಕಪ್ಪು. ಚೊಚ್ಚಲ ಬಸಿರಿಯ ಸೀಮಂತಕ್ಕೆ ಕಸೂತಿ ತುಂಬಿದ ಚಂದ್ರಕಾಳಿ ಸೀರೆಯನ್ನು ಉಡಿಸುವುದು ನಮ್ಮ ಕಡೆಯ ಹಳೆಯ ಸಂಪ್ರದಾಯ. ಅದರ ಮೈಯೂ ಕಪ್ಪು. ಮರಾಠಿ ಬಾಂಧವರ ಮನೆಗಳಲ್ಲಿ ಸಂಕ್ರಮಣದ ದಿನ ಹೆಣ್ಣುಮಕ್ಕಳು ಬೇಕೆಂದೇ ಕಪ್ಪು ಸೀರೆಯನ್ನು ಉಡುತ್ತಾರೆ. ನಾವು ಬಲು ಪ್ರೀತಿಯಿಂದ ಕಾಪಾಡಬೇಕೆಂದಿರುವವರ ಮೈಮೇಲೆಲ್ಲ ಕಪ್ಪನ್ನು ಇಟ್ಟು, ಹುಡುಗಿಯೊಬ್ಬಳು ಅದೇ ಬಣ್ಣದ ನೂಲನ್ನು ಹಿಡಿದರೆ ಹುಬ್ಬು ಗಂಟಿಕ್ಕುವುದು ನ್ಯಾಯವಲ್ಲ.

ಇನ್ನು ಕೆಲಸದ ಮಾತು. ನೇಯ್ಗೆಯಲ್ಲಿ ಹಾಸುಹೊಕ್ಕುಗಳು ಸೇರಿ ಬಟ್ಟೆಯಾಗುತ್ತದೆ. ಕಸೂತಿಗೆ ಆಧಾರವಾಗಿ ಮೊದಲೇ ಬಟ್ಟೆ ಇರುತ್ತದೆ. ಕೊಕ್ಕೆಯ ಸೂಜಿಯಿಂದ ಹೆಣೆಯುವ ಲೇಸಿಗೆ ಇವೆರಡೂ ಇಲ್ಲ. ಒಂದೇ ಎಳೆಯು ತನ್ನನ್ನು ತಾನೇ ಹಿಡಿದುಕೊಂಡು ನಿಲ್ಲಬೇಕು. ತೂತುಗಳೇ ಅದರ ಚಿತ್ತಾರ. ಯೂರೋಪಿನಲ್ಲಿ ೧೬ನೆಯ ಶತಮಾನದಲ್ಲಿ ವೆನಿಸ್ ನಗರದಲ್ಲಿಯೂ ಫ್ಲಾಂಡರ್ಸ್ ಪ್ರಾಂತದಲ್ಲಿಯೂ ಈ ಕಲೆ ಬೆಳೆಯಿತು. ಆ ಕಾಲದ ಲೇಸನ್ನು ಸೂಜಿಯಿಂದ ಹೆಣೆಯುತ್ತಿದ್ದರು; ಇಲ್ಲವೆ ದಿಂಬಿನ ಮೇಲೆ ಗುಂಡುಸೂಜಿಗಳನ್ನು ಚುಚ್ಚಿ, ಹತ್ತಾರು ಚಿಕ್ಕ ಕದಿರುಗಳಿಗೆ ಸುತ್ತಿದ ಎಳೆಗಳನ್ನು ಹೊಸೆದು ಮಾಡುತ್ತಿದ್ದರು. ಪ್ಯಾರಿಸ್ ನಗರದ ಉತ್ತರಕ್ಕಿರುವ ಶಾಂತಿಯಿ ಎಂಬ ಊರಿನ ಹೆಸರು ಇಂದಿಗೂ ಕಪ್ಪು ರೇಷ್ಮೆಯ ಲೇಸಿಗೆ ಅಂಟಿಕೊಂಡಿದೆ. ಹೊಳಪಿಲ್ಲದ ಕಪ್ಪು ರೇಷ್ಮೆಯನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಹೆಣೆದು, ಕೂಡಿಸಿದ ಗುರುತು ಕಾಣದಂತೆ ಜೋಡಿಸುತ್ತಿದ್ದರಂತೆ. ಕತ್ತಲೆಯ ಹೊತ್ತಿನಲ್ಲಿ ಕೆಲಸ ಮಾಡುವ ಹೆಂಗಸರು ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆಯನ್ನಿಟ್ಟು, ಬೆಳಕನ್ನು ಒಂದೆಡೆಗೆ ಒಟ್ಟುಗೂಡಿಸಿಕೊಳ್ಳುತ್ತಿದ್ದರು. ವಿಜ್ಞಾನದ ತರಗತಿಯಲ್ಲಿ ಮಸೂರದ ಪಾಠವನ್ನು ಕಲಿಯುವ ಮಕ್ಕಳು ಇದನ್ನು ನೆನಪಿನಲ್ಲಿಡಲಿ.

ಕಪ್ಪು ನೂಲಿನಲ್ಲಿ ಹೆಣೆಯುವುದು ಬಿಳಿಯ ನೂಲಿಗಿಂತ ಕಷ್ಟ. ಬಿಳಿಯ ಎಳೆಯಲ್ಲಿ ಪ್ರತಿಯೊಂದು ಕುಣಿಕೆಯೂ ತನ್ನ ನೆರಳಿನಿಂದ ಕಾಣುತ್ತದೆ; ಕಪ್ಪಿನಲ್ಲಿ ನೆರಳು ಎಳೆಯೊಳಗೇ ಅಡಗಿಬಿಡುತ್ತದೆ. ಅದಕ್ಕಾಗಿ ತೊಡೆಯ ಮೇಲೆ ಬಿಳಿಯ ಬಟ್ಟೆಯನ್ನು ಹಾಸಿಕೊಂಡು, ಹಗಲು ಬೆಳಕಿನಲ್ಲಿಯೇ ಕುಳಿತುಕೊಳ್ಳಬೇಕು. ಕಣ್ಣು ಸೋತಲ್ಲಿ ಬೆರಳು ಎಣಿಸಬೇಕು. ಮೂರು ಸಾಲುಗಳ ಹಿಂದೆ ತಪ್ಪಿದ ಒಂದು ಕುಣಿಕೆ ಮೂರು ಸಾಲುಗಳ ತರುವಾಯ ಕಣ್ಣಿಗೆ ಬೀಳುತ್ತದೆ. ಆಗ ಬಿಚ್ಚದೆ ಗತ್ಯಂತರವಿಲ್ಲ. ಅಲ್ಲದೆ ನೂಲಿನ ಬಣ್ಣ ಬಿಡುವುದೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಬೇಕು. ಗೇಣುದ್ದದ ಎಳೆಯನ್ನು ನೆನೆಸಿ ಬಿಳಿಯ ಬಟ್ಟೆಯ ನಡುವೆ ಒತ್ತಿದರೆ ಗುಟ್ಟು ಹೊರಬೀಳುತ್ತದೆ.

ಕಪ್ಪು ಬಣ್ಣದ ಗುಟ್ಟೂ ನಮ್ಮ ತೋಟಗಳಲ್ಲಿಯೇ ಇದೆ. ಕಬ್ಬಿಣದ ಚಾಕುವಿನಿಂದ ದಾಳಿಂಬೆಯ ಸಿಪ್ಪೆಯನ್ನು ಕೊಯ್ದಾಗ ಅಲಗು ಕಪ್ಪಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಸಿಪ್ಪೆಯ ಒಗರು ಕಬ್ಬಿಣದೊಡನೆ ಕೂಡಿದಾಗ ಹುಟ್ಟುವ ಬಣ್ಣವದು. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಹೀಗೆಯೇ ಬಟ್ಟೆಗೆ ಕಪ್ಪನ್ನು ಏರಿಸುತ್ತಿದ್ದರು. ಆದರೆ ಕಬ್ಬಿಣದ ಕಪ್ಪು ಕಾಲಾಂತರದಲ್ಲಿ ನೂಲನ್ನೇ ತಿನ್ನುತ್ತದೆ. ೧೬ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿಯ ನಾರುಬಟ್ಟೆಯ ಮೇಲೆ ಕಪ್ಪು ರೇಷ್ಮೆಯ ಕಸೂತಿ ಬಹು ಪ್ರಚಾರದಲ್ಲಿತ್ತು. ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನು ಬರೆದ ರಾಜಮನೆತನದವರ ಭಾವಚಿತ್ರಗಳಲ್ಲಿ ತೋಳಿನ ಅಂಚುಗಳ ಮೇಲೆ ಅದನ್ನು ಇಂದಿಗೂ ಕಾಣಬಹುದು. ಆದರೆ ಆ ಕಾಲದಿಂದ ಉಳಿದುಬಂದ ಕೆಲವು ಬಟ್ಟೆಗಳಲ್ಲಿ ಕಪ್ಪು ರೇಷ್ಮೆ ಸವೆದು ಹೋಗಿ ಸೂಜಿಯ ತೂತುಗಳಷ್ಟೇ ಉಳಿದಿವೆ. ಅಲ್ಲಿ ಆ ಚಿತ್ರಕಾರನ ಹೆಸರಿನಿಂದ ಕರೆಯುವ ಹೊಲಿಗೆ ಬೇರಾವುದೂ ಅಲ್ಲ. ನಮ್ಮ ಅಜ್ಜಿಯರ ಗಾವಂತಿಯೇ! ಒಂದು ಬಿಟ್ಟು ಒಂದು ಹೊಲಿದು ಹೋಗಿ, ಮರಳಿ ಬರುವಾಗ ಬಿಟ್ಟ ಜಾಗವನ್ನು ತುಂಬಿ, ಗಂಟಿಲ್ಲದೆ ಎರಡೂ ಮುಖಗಳನ್ನು ಒಂದೇ ಸಮನಾಗಿ ಮಾಡುವ ಜಾಣ್ಮೆ ಆ ರಾಜರ ಅರಮನೆಯಲ್ಲಿಯೂ ಇತ್ತು, ನಮ್ಮ ಪಡಸಾಲೆಯಲ್ಲಿಯೂ ಇತ್ತು.

ಲೇಸು ಲೆಕ್ಕದ ವಿದ್ಯೆಯೂ ಹೌದು. ಮೇಜಿನ ಮೇಲಿನ ಪಟ್ಟಿಯ ಅಗಲ ೭ ಮನೆ. ಒಂದೊಂದು ಮನೆಯಲ್ಲಿ ೨ ಕುಣಿಕೆ, ಮನೆ ಮನೆಗಳ ನಡುವೆ ಒಂದು ಕಂಬ. ಹಾಗಾದರೆ ಬುಡದ ಸರಪಳಿಗೆ ಎಷ್ಟು ಕುಣಿಕೆಗಳು ಬೇಕು? ನಾನು ಈ ಪ್ರಶ್ನೆಯನ್ನು ಒಂದು ತರಗತಿಯಲ್ಲಿ ಕೇಳಿದಾಗ ಹೆಚ್ಚಿನವರು ೨೧ ಎಂದರು. ಹೆಣೆಯಬಲ್ಲ ಹುಡುಗಿಯರು ಮಾತ್ರ ತಡವಿಲ್ಲದೆ ೨೨ ಎಂದರು. ಏಳು ಮನೆಗಳ ಸಾಲಿಗೆ ಎಂಟು ಗೋಡೆಗಳು ಬೇಕೆಂಬುದು ಅವರ ಬೆರಳಿಗೆ ಗೊತ್ತಿತ್ತು. ೧೯೩೭ರಲ್ಲಿ ವರ್ಧಾದಲ್ಲಿ ನಡೆದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧೀಜಿಯವರು ಕೈಗೆಲಸದ ಮೂಲಕವೇ ವಿದ್ಯೆಯನ್ನು ಕಲಿಸಬೇಕೆಂಬ ವಿಚಾರವನ್ನು ಮುಂದಿಟ್ಟರು. ಅದರ ಅರ್ಥ ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ಆ ೨೨ರಿಂದ ಹೆಚ್ಚಾಗಿ ತಿಳಿಯಿತು.

ಇರಲಿ. ಈಗ ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. ೫೦ ರೂಪಾಯಿಗೆ ಆ ಕುಪ್ಪಸ ಮೊದಲ ದಿನವೇ ಮಾರಿಹೋಯಿತು. ರೂಢಿಯಂತೆ ಹಣವನ್ನು ಬಡ ವಿದ್ಯಾರ್ಥಿಗಳ ನಿಧಿಗೆ ಜಮಾ ಮಾಡಿದೆವು. ಸಂಜೆ ಹುಡುಗಿಯ ತಾಯಿ ಬಂದರು. ಅವರು ದಾಳಿಂಬೆಯ ತೋಟಗಳಿಗೆ ಕೂಲಿಗೆ ಹೋಗುವವರು. ಬಾಗಿಲ ಬಳಿ ನಿಂತು, ಸಿಟ್ಟಿಲ್ಲದೆ, "ಸರ್ರೀ, ನೂಲಿಂದ ರೊಕ್ಕಾ ಹಿಡದೀರಿ, ಖರೆ. ನಮ್ಮ ಹುಡುಗಿ ಕೈಯಿಂದ ಎಲ್ಲಿ ಹಿಡದೀರಿ?" ಎಂದು ಕೇಳಿದರು. ನಾನು, "ಬಿಡುವಿನಲ್ಲಿ ಮಾಡಿದ ಕೆಲಸವಲ್ಲವೇ ತಾಯಿ" ಎಂದೆ. ಅವರು ಮರುಮಾತಾಡದೆ ಹೊರಟುಹೋದರು.

ಆಮೇಲೆ ನಾನು ಲೆಕ್ಕ ಹಾಕಿದೆ. ಮರುದಿನ ಹುಡುಗಿಯನ್ನು ಕೇಳಿ ತಿಳಿದುಕೊಂಡಂತೆ, ಎರಡು ತೋಳುಗಳಿಗೆ ನಾಲ್ಕು ಗೇಣು ಲೇಸು. ಗೇಣಿಗೆ ಎರಡೂವರೆ ತಾಸು. ಒಟ್ಟು ೧೦ ತಾಸು. ನೂಲಿಗೆ ೨೦ ರೂಪಾಯಿ ಕಳೆದರೆ ಉಳಿದದ್ದು ೩೦. ಎಂದರೆ ತಾಸಿಗೆ ೩ ರೂಪಾಯಿ! ಅದೂ ಅವಳ ಕೈಸೇರಲಿಲ್ಲ. ಬಡ ವಿದ್ಯಾರ್ಥಿಗಳ ನಿಧಿಯಿಂದ ವಹಿಗಳನ್ನು ಪಡೆಯುವವರ ಯಾದಿಯಲ್ಲಿ ಆ ಹುಡುಗಿಯ ಹೆಸರೂ ಇತ್ತು. ಬಡವರ ನಿಧಿಗೆ ಬಡ ಹುಡುಗಿಯೊಬ್ಬಳಿಂದ ಹತ್ತು ತಾಸಿನ ದುಡಿಮೆಯನ್ನು, ಅವಳನ್ನು ಒಂದು ಮಾತೂ ಕೇಳದೆ, ದಾನವಾಗಿ ಪಡೆದಿದ್ದೆವು. ಅದಕ್ಕೆ ನಾವು ಧರ್ಮಕಾರ್ಯವೆಂಬ ಹೆಸರನ್ನಿಟ್ಟಿದ್ದೆವು. ಚೀಟಿಯನ್ನು ಬರೆದವನು ನಾನು, ತಪ್ಪು ನನ್ನದೇ.

"ಬಿಡುವಿನ ಕೆಲಸ" ಎಂಬ ಈ ಮಾತು ಚಿಕ್ಕದಾಗಿ ಕಂಡರೂ ಬಹಳ ದೂರ ಹೋಗುತ್ತದೆ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ನರಸಾಪುರವೆಂಬ ಊರಿದೆ. ೧೯ನೆಯ ಶತಮಾನದಲ್ಲಿ ಕ್ರೈಸ್ತ ಮಿಶನರಿಗಳ ಮೂಲಕ ಲೇಸಿನ ಕೆಲಸ ಆ ಪ್ರಾಂತಕ್ಕೆ ಬಂದು ಮನೆಮನೆಗೆ ಹಬ್ಬಿತು. ಅಲ್ಲಿಯ ಹೆಂಗಸರು ಹೆಣೆದ ಲೇಸು ಹಡಗನ್ನೇರಿ ಪರದೇಶಗಳಿಗೆ ಹೋಯಿತು. ಮಾರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಆ ಹೆಂಗಸರ ನಡುವೆ ಇದ್ದು ಅಭ್ಯಾಸ ಮಾಡಿ ೧೯೮೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಹೆಂಗಸರು ದಿನದಲ್ಲಿ ಎಷ್ಟೋ ತಾಸು ದುಡಿದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂದು ತಿಳಿದದ್ದರಿಂದಲೇ ಅವರಿಗೆ ಅತ್ಯಲ್ಪ ಕೂಲಿಯನ್ನು ಕೊಡುವುದು ಸಾಧ್ಯವಾಯಿತು ಎಂಬುದು ಆ ಗ್ರಂಥದ ಸಾರ. ನರಸಾಪುರ ನಮಗೆ ದೂರದ ಊರು. ಆದರೆ ಆ ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನರಸಾಪುರದ ದಲಾಲರ ಉತ್ತರವೇ ಆಗಿತ್ತು.

ಇದರ ಬೆನ್ನಿಗೇ ಇನ್ನೊಂದು ಅಪಾಯವೂ ಇದೆ. ಪ್ರದರ್ಶನವನ್ನು ನೋಡಲು ಬಂದ ಹಿರಿಯರೊಬ್ಬರು, "ಇಷ್ಟು ಚೆಂದ ಹೆಣೀತಾಳ ಅಂದಮ್ಯಾಲ ಸಾಲಿ ಯಾಕ? ಮನ್ಯಾಗ ಕುಂತ ಮಾಡಲಿ" ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಹುಡುಗಿಯ ಜಾಣ್ಮೆಯೇ ಅವಳ ಕಾಲಿಗೆ ಕಟ್ಟುವ ಹಗ್ಗವಾಗಬಾರದು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬವನು ೧೮೦೯ರಲ್ಲಿಯೇ ಲೇಸಿನ ಜಾಳಿಗೆಯನ್ನು ಯಂತ್ರದಿಂದ ಮಾಡುವ ಪೇಟೆಂಟನ್ನು ಪಡೆದನು. ಇಂದು ನಮ್ಮ ಸಂತೆಗಳಲ್ಲಿಯೂ ಯಂತ್ರದ ಲೇಸು ಮೊಳದ ಲೆಕ್ಕದಲ್ಲಿ ಅಗ್ಗವಾಗಿ ದೊರೆಯುತ್ತದೆ. ಅದರೊಡನೆ ಬೆಲೆಯಲ್ಲಿ ಸ್ಪರ್ಧಿಸಿ ಯಾವ ಕೈಯೂ ಗೆಲ್ಲಲಾರದು. ಹತ್ತು ತಾಸು ದುಡಿದು ಮೂವತ್ತು ರೂಪಾಯಿಯನ್ನು ತರುವ ಕೆಲಸವನ್ನು ನಂಬಿ ಹೆಣ್ಣುಮಗಳು ಶಾಲೆಯನ್ನು ಬಿಟ್ಟರೆ, ಅವಳ ಎಣಿಕೆಯ ಜಾಣ್ಮೆಗೆ ನಾವೇ ದ್ರೋಹ ಮಾಡಿದಂತೆ.

ಹೀಗಿರಲು, ಸಂಸ್ಥೆಯ ಹಿರಿಯರಲ್ಲಿ ನನ್ನ ನಾಲ್ಕು ವಿನಂತಿಗಳಿವೆ. ಒಂದು: ಪ್ರದರ್ಶನಕ್ಕೆ ಬರುವ ಪ್ರತಿಯೊಂದು ಕೈಗೆಲಸದ ಜೊತೆಗೆ ನೂಲು, ತಾಸು, ಬೆಲೆ ಎಂಬ ಮೂರು ಅಂಕಣಗಳ ವಹಿ ಇರಲಿ, ಅದನ್ನು ಮಾಡಿದವರೇ ಬರೆಯಲಿ. ಎರಡು: ಮಾರಿ ಬಂದ ಹಣ ಮೊದಲು ಮಾಡಿದವರ ಕೈಸೇರಲಿ, ಅವರು ತಾವಾಗಿ ನಿಧಿಗೆ ಕೊಟ್ಟರೆ ಅದು ದಾನ, ನಾವು ಇಟ್ಟುಕೊಂಡರೆ ಅದು ದಾನವಲ್ಲ. ಮೂರು: ತಾಸಿನ ಬೆಲೆ ನಮ್ಮ ಊರಿನ ಹೊಲದ ಕೂಲಿಗಿಂತ ಕಡಮೆಯಾಗದಿರಲಿ. ಅಷ್ಟು ಕೊಡುವವರು ಇಲ್ಲವಾದರೆ ಮಾರುವುದು ಬೇಡ. ಮಾಡಿದವರೇ ತೊಟ್ಟು ಸಂತೋಷಪಡಲಿ. ನಾಲ್ಕು: ಕೈಗೆಲಸದ ತಾಸಿನಲ್ಲಿ ಹುಡುಗರೂ ಕುಳಿತುಕೊಳ್ಳಲಿ. ಎಂಟನೆಯ ಗೋಡೆಯನ್ನು ಎಣಿಸುವುದು ಅವರಿಗೂ ಬರಬೇಕು. ಹತ್ತು ತಾಸು ಎಂದರೆ ಎಷ್ಟು ಎಂಬುದು ಬೆರಳು ನೋಯದೆ ತಿಳಿಯುವಂಥದಲ್ಲ.

ಕನ್ನಡದಲ್ಲಿ ಲೇಸು ಎಂದರೆ ಒಳ್ಳೆಯದು ಎಂದರ್ಥ. ಪರದೇಶದಿಂದ ಬಂದ ಈ ಹೆಣಿಗೆಗೂ ನಮ್ಮ ಬಾಯಲ್ಲಿ ಅದೇ ಹೆಸರು ನಿಂತಿದೆ. ಮಾಡಿದವಳಿಗೂ ಒಳ್ಳೆಯದಾದಾಗಲೇ ಆ ಹೆಸರು ಸಾರ್ಥಕ.

ಆ ಹುಡುಗಿ ಈಗ ಹತ್ತನೆಯ ಇಯತ್ತೆಯಲ್ಲಿದ್ದು ನಿಮ್ಮ ನಡುವೆಯೇ ಕುಳಿತಿದ್ದಾಳೆ. ಕಳೆದ ವರ್ಷದ ಹಣವನ್ನು ಅವಳಿಗೆ ತಲುಪಿಸಿದ್ದೇನೆ. ಆದರೆ ನಾಲ್ವರೆದುರು ಆಡಿದ ಮಾತನ್ನು ನಾಲ್ವರೆದುರೇ ಹಿಂದಕ್ಕೆ ಪಡೆಯಬೇಕಾಗಿತ್ತು, ಇಂದು ಪಡೆದಿದ್ದೇನೆ. ಈ ವರ್ಷದ ಕುಪ್ಪಸದ ವಹಿಯನ್ನು ಅವಳೇ ಬರೆದಿದ್ದಾಳೆ. ನೂಲು, ೨೦ ರೂಪಾಯಿ. ತಾಸು, ೧೦. ಬೆಲೆಯ ಅಂಕಣದಲ್ಲಿ ಅಂಕಿಯಿಲ್ಲ. "ಮಾರಾಟಕ್ಕಿಲ್ಲ, ಅವ್ವನಿಗೆ" ಎಂದಿದೆ. ಹೋಗುವ ಮುನ್ನ ತಾವೆಲ್ಲರೂ ಆ ವಹಿಯನ್ನೊಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥಿಸುತ್ತೇನೆ.