ಕಾರಣ ಕಾಣದ ನೋವು ಸುಳ್ಳಲ್ಲ
(ಮಾಲೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ ಹಿಂಸೆ ಎಂದ ಕೂಡಲೇ ನಮಗೆ ಸ್ಟೋವ್ ಸಿಡಿದ ಸುದ್ದಿಗಳು ನೆನಪಾಗುತ್ತವೆ. ಸದ್ದಿಲ್ಲದೆ ನಡೆಯುವ ಹಿಂಸೆಯೂ ಒಂದಿದೆ. ಸೊಸೆಗೆ ಮೈಕೈ ನೋವು. ಬೆಳಿಗ್ಗೆ ಏಳಲಾಗದು, ಕುತ್ತಿಗೆ ತಿರುಗದು, ಬಿಂದಿಗೆ ಎತ್ತಲು ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ‘ಏನೂ ಇಲ್ಲ’ ಎನ್ನುತ್ತಾರೆ. ಮನೆಯವರಿಗೆ ಅಷ್ಟೇ ಸಾಕು. ಸೋಮಾರಿ ಎನ್ನುತ್ತಾರೆ, ನಾಟಕ ಎನ್ನುತ್ತಾರೆ, ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸುತ್ತಾರೆ. ಕೊನೆಗೆ, ‘ರೋಗದವಳನ್ನು ನಮಗೆ ಕಟ್ಟಿದರು, ಔಷಧಿ ಖರ್ಚು ತವರಿಂದ ತಾ’ ಎನ್ನುತ್ತಾರೆ. ಇದೂ ವರದಕ್ಷಿಣೆಯೇ ಅಲ್ಲವೇ?

ಹೀಗೆ ಮಾತು ನಂಬಿಸಿಕೊಳ್ಳಲಾಗದವರು ನಾವು ಮಾತ್ರವಲ್ಲ. 1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕ ಸುಮಾರು 7 ಲಕ್ಷ ಸೈನಿಕರನ್ನು ಕಳಿಸಿತು. ಅವರಲ್ಲಿ 40 ಸಾವಿರದಷ್ಟು ಹೆಂಗಸರು. ಮರಳಿದ ಮೇಲೆ ಗಂಡಸರು ಹೆಂಗಸರೆನ್ನದೆ ಎಷ್ಟೋ ಜನರಿಗೆ ತೀರದ ಆಯಾಸ, ಕೀಲುನೋವು, ಮರೆವು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಮನಸ್ಸಿನ ಒತ್ತಡ ಎಂದು ಕಳಿಸಿದರು. ಇದು ನಿಜವಾದ ಕಾಯಿಲೆ, ವಿಷಾನಿಲದಿಂದ ಕಾಪಾಡಲೆಂದು ನುಂಗಿಸಿದ ಮಾತ್ರೆ ಮತ್ತು ಕೀಟನಾಶಕಗಳು ಕಾರಣ ಎಂದು ಸರ್ಕಾರವೇ ನೇಮಿಸಿದ ಸಮಿತಿ ಹೇಳಿದ್ದು 2008ರಲ್ಲಿ. ಬಂದೂಕು ಹಿಡಿದವರಿಗೇ 17 ವರ್ಷ ಹಿಡಿಯಿತು. ಪೊರಕೆ ಹಿಡಿದವರ ಮಾತು ಯಾರು ಕೇಳುತ್ತಾರೆ?

ಕಾರಣ ಇತ್ತು, ಹುಡುಕಿರಲಿಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲಿ ಮೊದಲು ಹುಡುಕಬೇಕಾದದ್ದು ನೀರಿನ ಕೊಡದಲ್ಲಿ. ಕೊಳವೆಬಾವಿ ನೀರಿಗೆ ಬಂಡೆಯಿಂದ ಫ್ಲೋರೈಡ್ ಸೇರುತ್ತದೆ. ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಬೆನ್ನು, ಕೀಲು ಬಿಗಿಯುತ್ತವೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳ ಮೈಗೆ, ಮೇಲಿಂದ ಮೇಲೆ ಬಸಿರು ಬಾಣಂತನ ಕಂಡ ಮೈಗೆ ಪೆಟ್ಟು ಇನ್ನೂ ಜೋರು. ಕಾಯಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಮುದ್ದೆಗೆ, ಸಾರಿಗೆ ಇಡುವ ನೀರೂ ಲೆಕ್ಕವೇ.

ಎಲ್ಲ ನೋವೂ ನೀರಿನಿಂದಲ್ಲ. ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು. ದಿನವೂ ಹೊಡೆಸಿಕೊಳ್ಳುವವಳಿಗೆ ಆ ಹೆದರಿಕೆಯೇ ತಲೆನೋವು, ಹೊಟ್ಟೆನೋವಾಗಿ ಕೂರುತ್ತದೆ. ಇದನ್ನೂ ಡಾಕ್ಟರಿಗೆ ಹೇಳಬೇಕು, ಅತ್ತೆ ಪಕ್ಕದಲ್ಲಿ ಕೂತಿದ್ದರೆ ಹೇಳಲಾಗದು. ಆದ್ದರಿಂದ ಆಸ್ಪತ್ರೆಗೆ ಸಂಘದ ಒಬ್ಬಳು ಜೊತೆಗೆ ಹೋಗಲಿ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೆಂಗಸಿನ ಆರೋಗ್ಯಕ್ಕೆ ಅಪಾಯ ತರುವುದೂ ಹಿಂಸೆಯೇ. ಆ ಹಿಂಸೆಯಿಂದಾದ ಔಷಧಿ ಖರ್ಚನ್ನು ಗಂಡ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಸಂರಕ್ಷಣಾಧಿಕಾರಿಯ ಮೂಲಕ ಅರ್ಜಿ ಹಾಕಿ.

ಇನ್ನು ನೀರಿನ ವಿಷಯ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ 5 ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು, ಅದಕ್ಕೆ ಕಿಟ್ ಕೊಡಬೇಕು. ನಿಮ್ಮೂರಿನ ಆ ಐವರು ಯಾರು, ಕಿಟ್ ಯಾವ ಬೀರುವಿನಲ್ಲಿದೆ? ನಾಳೆಯೇ ಪಂಚಾಯಿತಿಗೆ ಹೋಗಿ ಕೇಳಿ. ಹೋಗುವಾಗ ಒಬ್ಬೊಬ್ಬರೂ ನಿಮ್ಮ ಮನೆಯ ನೀರನ್ನು ಒಂದೊಂದು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ.